ಮೈನಸ್ ಅಂದ್ರ ಏನ್ರಿ?

ಆ ಹುಡುಗಿ ಮೊದಲ ಸಲ ನಮ್ಮ ಗ್ರೌಂಡಿಗೆ ಬಂದ ಸಂಜೆ ಬುಟ್ಟಿಗೆ ಎಸೆದ ಚೆಂಡುಗಳಲ್ಲಿ ಹೆಚ್ಚಿನವು ಹಲಗೆಗೂ ತಾಗಲಿಲ್ಲ. ಅಕ್ಕಲಕೋಟದ ಹತ್ತಿರದ ಮೈಂದರ್ಗಿಯವಳು. ಮನೆಯಲ್ಲಿ ಬಾವಿ ನೀರಿನ ಹೊಲ, ಕಬ್ಬು, ತೊಗರಿ, ಯಾವುದಕ್ಕೂ ಕಡಿಮೆಯಿರಲಿಲ್ಲ. ಹನ್ನೊಂದನೆಯ ತರಗತಿಗೆಂದು ಸೊಲ್ಲಾಪುರದ ಚಿಗವ್ವನ ಮನೆಗೆ ಬಂದು ಇದ್ದಳು. ಎತ್ತರವೂ ಅಷ್ಟಕ್ಕಷ್ಟೆ. ಉಳಿದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ನಾನು ಆ ಕ್ಲಬ್ಬಿನಲ್ಲಿ ಸಂಜೆ ಹೊತ್ತು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದೆ. ಕಾಲೇಜಿನಲ್ಲಿದ್ದಾಗ ಜಿಲ್ಲೆಯ ತಂಡಕ್ಕೆ ಆಡಿದವಳು. ಮದುವೆಯಾದ ಮೇಲೆ ಆಟ ನಿಂತಿತು, ಕಲಿಸುವುದಕ್ಕೆ ಮಾತ್ರ ಗಂಡನ ಮನೆಯವರು ಬೇಡವೆನ್ನಲಿಲ್ಲ. ನಮ್ಮದು ಎರಡೂ ಕಡೆ ವ್ಯಾಪಾರದ ಮನೆತನ. ತವರಿನಲ್ಲಿ ಚಾದರದ ಅಂಗಡಿ, ಗಂಡನ ಮನೆಯಲ್ಲಿ ಕಾಳುಕಡಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಗ್ರೌಂಡಿನಲ್ಲಂತೂ ಪೂರಾ ಮರಾಠಿ. ತಂಡದ ಅರ್ಧ ಹುಡುಗಿಯರು ಕನ್ನಡದ ಮನೆಗಳಿಂದ ಬಂದವರೇ, ಆದರೆ ಅಲ್ಲಿ ಅದನ್ನು ಯಾರೂ ತೋರಿಸಿಕೊಳ್ಳುತ್ತಿರಲಿಲ್ಲ. ಕನ್ನಡವೆಂದರೆ ಅವರಿಗೆ ಹಳ್ಳಿಯ ಅಜ್ಜಿಯ ಜೊತೆ ಆಡುವ ಮಾತು.

ಈ ಹುಡುಗಿಗೆ ಆ ನಾಚಿಕೆ ಇರಲಿಲ್ಲ. ಆಟ ಶುರುವಾದದ್ದೇ ಹಿಂದಿನಿಂದ ಕೂಗತೊಡಗಿದಳು. "ಎಡಕ್ಕ ಬಂದ್ಲು! ಎಡಕ್ಕ!" "ಬಿಡಬ್ಯಾಡ ಅಕಿನ್ನ, ನಾ ಅದೀನಿ!"

ಚೆಂಡು ಹಿಡಿದವಳನ್ನು ತಡೆಯಲು ಮುಂದೆ ನಿಂತವಳಿಗೆ ತನ್ನ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂಬುದು ಕಾಣುವುದಿಲ್ಲ. ಹಿಂದೆ ಯಾರೂ ಇಲ್ಲವೆಂದು ಅನ್ನಿಸಿದರೆ ಅಂಜಿ ಹಿಂದೆ ಸರಿಯುತ್ತಾಳೆ, ಎದುರಿನವಳಿಗೆ ದಾರಿಯಾಗುತ್ತದೆ. "ನಾ ಅದೀನಿ" ಎಂಬ ಕೂಗು ಕೇಳಿದರೆ ಅದೇ ಹುಡುಗಿ ಮೈಮೇಲೆ ಬಿದ್ದು ಆಡುತ್ತಾಳೆ. ನಾನು ವರ್ಷಗಟ್ಟಲೆ ಬಾಯಿ ಬಡಿದುಕೊಂಡು ಕಲಿಸಲು ನೋಡಿದ್ದು ಇದನ್ನೇ. ನಮ್ಮ ಹುಡುಗಿಯರಿಗೆ ಗ್ರೌಂಡಿನಲ್ಲಿ ಬಾಯಿ ತೆರೆಯುವುದೇ ಒಂದು ಸಂಕೋಚ. ಇವಳಿಗೆ ಯಾರೂ ಕಲಿಸಿರಲಿಲ್ಲ. ನಕ್ಕ ಹುಡುಗಿಯರೇ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕೂಗಿಗೆ ಉತ್ತರವಾಗಿ ಕನ್ನಡದಲ್ಲೇ ಕೂಗತೊಡಗಿದರು. ಮರಾಠಿ ಮನೆಯ ಹುಡುಗಿಯರೂ "ಬಿಡಬ್ಯಾಡ" ಎಂಬುದನ್ನು ಕಲಿತರು.

ಮುಂದಿನ ವರ್ಷ ಕೊಲ್ಹಾಪುರದಿಂದ ಬಂದ ತಂಡವೊಂದನ್ನು ನಾವು ಸೋಲಿಸಿದೆವು. ನಮ್ಮ ಕ್ಲಬ್ಬಿನಲ್ಲಿ ಯಾರೂ ಕನಸಿನಲ್ಲೂ ಕಾಣದ್ದು. ಅವರ ಅತಿ ಚುರುಕಾದ ಹುಡುಗಿಯನ್ನು ಇವಳೇ ಹಿಡಿದಿಟ್ಟಳು. ಆ ಹುಡುಗಿ ಕೊನೆಗೆ ಸಿಟ್ಟಿನಿಂದ ಚೆಂಡನ್ನು ಗೋಡೆಗೆ ಬಡಿದಳು. ಆಟ ಮುಗಿದ ಮೇಲೆ ಅವರ ಕೋಚ್ ನನ್ನ ಹತ್ತಿರ ಬಂದು, ನಿಮ್ಮ ಹುಡುಗಿಯರು ಯಾವ ಭಾಷೆಯಲ್ಲಿ ಕೂಗುತ್ತಾರೆ, ನಮಗೆ ಒಂದೂ ತಿಳಿಯಲಿಲ್ಲವಲ್ಲ ಎಂದು ಕೇಳಿದಳು. ಮರುದಿನ ಮರಾಠಿ ಪೇಪರಿನಲ್ಲಿ ಇವಳ ಫೋಟೊ ಬಂತು. ಮುಂದಿನ ಆಟಕ್ಕೆ ಮೈಂದರ್ಗಿಯಿಂದ ಒಂದು ಕ್ರೂಸರ್ ಗಾಡಿ ತುಂಬ ಮಂದಿ ಬಂದರು. ಆಟದ ನಿಯಮ ಒಂದೂ ಗೊತ್ತಿಲ್ಲದ ಹಿರಿಯರು ಟೋಪಿ ತೆಗೆದು ಬೀಸಿದರು. ಊರಿಗೆ ಅವಳು ಸ್ಟಾರ್ ಆಗಿಬಿಟ್ಟಳು.

ಆ ಹೊತ್ತಿಗೇ ನನ್ನ ತಮ್ಮ ಪುಣೆಯಲ್ಲಿ ಓದು ಮುಗಿಸಿ ಬಂದ. ಅಪ್ಪ ಅವನನ್ನು ಅಂಗಡಿಯಲ್ಲಿ ಕೂರಿಸಿದರು. ಚಾದರ ಬಿಚ್ಚಿ ಮಡಿಚುವ ಕೆಲಸ ಅವನಿಗೆ ಹಿಡಿಸಲಿಲ್ಲ. ಸಂಜೆಯಾದರೆ ಲ್ಯಾಪ್‌ಟಾಪ್ ಹಿಡಿದು ಗ್ರೌಂಡಿಗೆ ಬರುತ್ತಿದ್ದ. ಅವನು ಎಲ್ಲಾದರೂ ಮನಸ್ಸಿಟ್ಟು ಕೂತನಲ್ಲ ಎಂದು ನನಗೂ ಸಮಾಧಾನವಾಯಿತು. ಅವನು ಪ್ರತಿ ಆಟಕ್ಕೂ ಪ್ಲಸ್-ಮೈನಸ್ ಲೆಕ್ಕ ಹಾಕುತ್ತಿದ್ದ. ಒಬ್ಬ ಹುಡುಗಿ ಆಟದೊಳಗೆ ಇದ್ದಷ್ಟು ಹೊತ್ತು ನಮ್ಮ ತಂಡ ಗಳಿಸಿದ ಪಾಯಿಂಟ್ ಹೆಚ್ಚಾದರೆ ಅವಳ ಹೆಸರಿನ ಮುಂದೆ ಪ್ಲಸ್, ಎದುರಿನವರದು ಹೆಚ್ಚಾದರೆ ಮೈನಸ್. ಚೆಂಡು ಯಾರು ಹಾಕಿದರು, ಯಾರು ತಪ್ಪಿದರು ಎಂಬುದು ಅದರಲ್ಲಿಲ್ಲ. ದೊಡ್ಡ ದೇಶಗಳಲ್ಲಿ ಹೀಗೇ ನೋಡುತ್ತಾರಂತೆ.

ಮೈಂದರ್ಗಿಯವಳ ಹೆಸರಿನ ಮುಂದೆ ಮತ್ತೆ ಮತ್ತೆ ಮೈನಸ್ಸೇ ಬೀಳುತ್ತಿತ್ತು. ಲೆಕ್ಕ ತಪ್ಪಿರಲಿಲ್ಲ. ಅವನು ಕೂಡಿಸಿದ್ದು, ಕಳೆದಿದ್ದು ಎಲ್ಲ ಸರಿ. ಆದರೆ ಅವಳನ್ನು ಯಾವಾಗ ಆಟಕ್ಕೆ ಇಳಿಸುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಒಳ್ಳೆಯ ಆಟಗಾರ್ತಿಯರಿಗೆ ದಣಿವಾದಾಗ, ಹೊಸ ಚಿಕ್ಕ ಹುಡುಗಿಯರು ಒಳಗೆ ಹೋಗಬೇಕಾದಾಗ, ಎದುರಿನವರು ತಮ್ಮ ಗಟ್ಟಿ ಐವರನ್ನು ಇಳಿಸಿದಾಗ, ಆ ಹೊತ್ತು ತಂಡ ಮುಳುಗದಂತೆ ಹಿಡಿಯಲು ಅವಳು ಬೇಕು. ಒಂಬತ್ತು ಪಾಯಿಂಟ್ ಹೋಗಬೇಕಾದ ಕಡೆ ಎರಡೇ ಹೋಗುವಂತೆ ಮಾಡಿ ಬರುತ್ತಿದ್ದಳು. ಲೆಕ್ಕದಲ್ಲಿ ಅದು ಮೈನಸ್ ಎರಡು. ಆಮೇಲೆ ದಣಿವಾರಿಸಿಕೊಂಡವರು ಒಳಗೆ ಹೋಗಿ ಗೆದ್ದು ಬರುತ್ತಿದ್ದರು. ಪ್ಲಸ್ ಅವರ ಹೆಸರಿಗೆ.

ಇದನ್ನು ತಮ್ಮನಿಗೆ ಹೇಳಿದೆ. "ಅಕ್ಕಾ, ಆಟ ಹೆಚ್ಚಾದಂಗೆಲ್ಲ ಅದು ತಾನ ಸರಿ ಹೋಗತೈತಿ" ಎಂದ. ಹೋಗಲಿಲ್ಲ, ಯಾಕೆಂದರೆ ನಾನು ಅವಳನ್ನು ಪ್ರತಿ ಸಲ ಅದೇ ಕಷ್ಟದ ಹೊತ್ತಿಗೆ ಇಳಿಸುತ್ತಿದ್ದೆ. ಬೇರೆ ದಾರಿ ಇರಲಿಲ್ಲ.

ಆ ಬೇಸಿಗೆಯಲ್ಲಿ ಪುಣೆಯ ಒಂದು ವಸತಿ ತರಬೇತಿ ಕೇಂದ್ರಕ್ಕೆ ನಮ್ಮ ಕ್ಲಬ್ಬಿನಿಂದ ಒಬ್ಬ ಹುಡುಗಿಯನ್ನು ಕಳಿಸುವ ಅವಕಾಶ ಬಂತು. ಊಟ, ಓದು, ಆಟ ಎಲ್ಲ ಅಲ್ಲೇ. ಯಾರೆಂದು ತೀರ್ಮಾನಿಸಲು ಅಧ್ಯಕ್ಷರ ಅಂಗಡಿಯ ಮಾಳಿಗೆಯಲ್ಲಿ ಸೇರಿದೆವು. ಅಧ್ಯಕ್ಷರದು ನೂಲಿನ ವ್ಯಾಪಾರ, ಅಪ್ಪನ ಹಳೆಯ ಗೆಳೆಯರು. ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದರು. ನನ್ನ ತಮ್ಮ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಎಲ್ಲಕ್ಕಿಂತ ಮೇಲೆ, ಹಸಿರು ಬಣ್ಣದಲ್ಲಿ, ನಮ್ಮ ತಂಡದ ಎತ್ತರದ ಹುಡುಗಿ. ಕೆಳಗೆ ಕೆಂಪಿನಲ್ಲಿ ಮೈಂದರ್ಗಿಯವಳು.

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಕೊಲ್ಹಾಪುರದವರ ಆಟ ನೆನಪು ಮಾಡಿಕೊಟ್ಟೆ. ಅವಳು ಬೆಂಚಿನಲ್ಲಿದ್ದರೆ ಉಳಿದವರು ಹೇಗೆ ಬಾಯಿ ಮುಚ್ಚಿ ಆಡುತ್ತಾರೆ ಎಂಬುದನ್ನು ಹೇಳಿದೆ.

"ಅಕ್ಕಾ, ಕೂಗೂದನ್ನ ಹೆಂಗ ಎಣಸೂದು?" ಎಂದ ತಮ್ಮ, ನಗುತ್ತಾ.

"ಎಣಸಾಕ ಬರಂಗಿಲ್ಲ ಅಂದ್ರ ಅದು ಇಲ್ಲೇ ಇಲ್ಲ ಅಂತೀಯೇನ?"

"ಹಂಗಲ್ಲ. ಆದ್ರ ನೀ ಹೇಳೂದು ನಿನಗ ಅನಸಿದ್ದು. ಇದು ಆಗಿದ್ದು."

ನಾನು ಅಧ್ಯಕ್ಷರ ಕಡೆ ತಿರುಗಿದೆ. "ಕಾಕಾ, ನಿಮ್ಮ ಅಂಗಡಿ ಮುನೀಮರು ಇಷ್ಟು ವರ್ಷ ಆತು, ಅದಾರ. ಅವರು ಗದ್ದಿಗಿ ಮ್ಯಾಲ ಇದ್ದಾಗ ಎಷ್ಟು ಮಾಲು ಹೋತು ಅಂತ ಎಣಸಿ ಇಟ್ಕೊಂಡೀರೇನ್ರಿ?"

"ಮುನೀಮನ ಮಾತು ಬ್ಯಾರೆ ಇರತೈತಿ ಮಗಳಾ" ಎಂದರು. ಆಮೇಲೆ ಎಲ್ಲರ ಕಡೆ ನೋಡಿ, ದೊಡ್ಡ ಮನಸ್ಸು ಮಾಡಿದವರ ಹಾಗೆ, "ತಮ್ಮ ಲೆಕ್ಕ ನೋಡ್ಯಾನ, ಅಕ್ಕ ಮಾಯೆ-ಮಮತೆಲೇ ನೋಡ್ಯಾಳ. ಎರಡೂ ಬರೋಬರ್. ಆದ್ರ ನಾಳೆ ಯಾರಾದ್ರೂ ಕೇಳಿದ್ರ ನಮ್ಮ ಕೈಯಾಗ ತೋರಸಾಕ ಏನಾದ್ರೂ ಇರಬೇಕಲ್ಲ?" ಎಂದರು.

ಚಹಾ ಬಂತು. ಎತ್ತರದ ಹುಡುಗಿಯ ಹೆಸರು ಗಟ್ಟಿಯಾಯಿತು. ಹತ್ತು ವರ್ಷ ಆ ಗ್ರೌಂಡಿನ ಬಿಸಿಲಲ್ಲಿ ನಿಂತು ನೋಡಿದ ನನ್ನ ಕಣ್ಣು ಮಮತೆಯ ಕಣ್ಣಾಯಿತು. ಮಾರ್ಚಿನಲ್ಲಿ ಬಂದು ಬೆಂಚಿನ ನೆರಳಿನಲ್ಲಿ ಕೂತವನ ಲ್ಯಾಪ್‌ಟಾಪಿನ ಪರದೆ ಸತ್ಯವಾಯಿತು. ಆ ಚಹಾ ಕುಡಿದೆನೋ ಬಿಟ್ಟೆನೋ ನೆನಪಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಹುಡುಗಿ ಮತ್ತೊಂದು ವರ್ಷ ಆಡುತ್ತಿದ್ದಳು. ನನ್ನ ತಮ್ಮ ಆ ಹಸಿರು-ಕೆಂಪಿನ ಪಟ್ಟಿಯ ಫೋಟೊ ತೆಗೆದು ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. ಯಾವ ದುರುದ್ದೇಶವೂ ಇರಲಿಲ್ಲ, ತನ್ನ ಕೆಲಸ ನಾಲ್ಕು ಜನ ನೋಡಲಿ ಎಂದು. ಅದು ಅಲ್ಲಿಂದ ಎಲ್ಲೆಲ್ಲೋ ಹೋಗಿ ಮೈಂದರ್ಗಿ ಮುಟ್ಟಿತು. ಕ್ರೂಸರ್ ಮಾಡಿಕೊಂಡು ಬಂದಿದ್ದ ಅದೇ ಊರು. ಅವಳು ಶನಿವಾರ ಊರಿಗೆ ಹೋಗಿ ಬಸ್ಸಿನಿಂದ ಇಳಿದರೆ ಸ್ಟ್ಯಾಂಡಿನ ಹುಡುಗರು "ಮೈನಸ್ ಬಂತು, ಮೈನಸ್ ಬಂತು" ಎನ್ನತೊಡಗಿದರು.

ಒಂದು ಮಧ್ಯಾಹ್ನ ಅವಳ ತಾಯಿ ನಮ್ಮ ಮನೆಗೆ ಬಂದರು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ, ಕೇಳುತ್ತಾ ಕೇಳುತ್ತಾ ಮನೆ ಹುಡುಕಿಕೊಂಡು ಬಂದಿದ್ದರು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಚೀಲದಲ್ಲಿ ನಮಗೆಂದು ತಂದ ತೊಗರಿಬೇಳೆ. ನೀರು ಕೊಟ್ಟೆ, ಕುಡಿಯಲಿಲ್ಲ.

"ಮೈನಸ್ ಅಂದ್ರ ಏನ್ರಿ?" ಎಂದು ಕೇಳಿದರು.

ನಾನು ಹೇಳಿದೆ. ನೆಲದ ಮೇಲೆ ಕೂತು, ಅಡುಗೆಮನೆಯಿಂದ ನಾಲ್ಕು ಬಟ್ಟಲು ತಂದಿಟ್ಟು, ಯಾರು ಯಾವಾಗ ಒಳಗೆ ಹೋಗುತ್ತಾರೆ, ಹೊರಗೆ ಬರುತ್ತಾರೆ ಎಂದು ತೋರಿಸಿದೆ. ಅವರು ಕಣ್ಣು ಮಿಟುಕಿಸದೆ ಕೇಳಿದರು. ಅಧ್ಯಕ್ಷರಿಗಿಂತ ಬೇಗ ತಿಳಿದುಕೊಂಡರು.

"ಅಂದ್ರ ನಮ್ಮ ಹುಡುಗಿ ಬ್ಯಾರೆದವರ ಸೋಲು ಹೊತ್ತಾಳ ಅಂದಂಗಾತು."

"ಹೌದ್ರಿ."

"ಅಕಿನ ಸಲವಾಗಿ ನೀವು ಸೋಲತಿರಿ ಅಂತ ಊರಾಗ ಅಂತಾರ್ರಿ. ಅವರಪ್ಪ ಮಂದ್ಯಾಗ ಕೂಡೂದು ಬಿಟ್ಟಾರ." ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ನನ್ನ ಕಡೆ ಸರಿಸಿದರು. "ನೀವು ಹೇಳಿದ್ದು ನನಗ ತಿಳೀತ್ರಿ. ಆದ್ರ ನಾ ಈ ಬಟ್ಟಲಾ ತಗೊಂಡು ಊರ ಮನಿ ಮನಿಗಿ ಹೋಗಾಕ ಆಗತೈತೇನ್ರಿ?"

ನಾನೇ ಮೈಂದರ್ಗಿಗೆ ಬಂದು ನಾಲ್ಕು ಹಿರಿಯರ ಮುಂದೆ ಹೇಳುತ್ತೇನೆಂದೆ. ಬೇಡವೆಂದು ಕೈ ಮಾಡಿದರು. ಮಾತು ಬೆಳೆದಷ್ಟೂ ಹುಡುಗಿಯ ಹೆಸರೇ ಮತ್ತೆ ಮತ್ತೆ ಬಾಯಿಗೆ ಬರುತ್ತದೆ ಎಂದರು. ಬೇಳೆಯ ಚೀಲ ಅಲ್ಲೇ ಬಿಟ್ಟು ಹೋದರು. ಆ ವಾರವೇ ಹುಡುಗಿ ಚಿಗವ್ವನ ಮನೆ ಬಿಟ್ಟಳು. ಅಕ್ಕಲಕೋಟದ ಕಾಲೇಜಿಗೆ ಹೆಸರು ಹಚ್ಚಿದರೆಂದು ಆಮೇಲೆ ತಿಳಿಯಿತು.

ಮಳೆಗಾಲದ ನಂತರದ ಟೂರ್ನಮೆಂಟಿನಲ್ಲಿ ನಮ್ಮ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಎತ್ತರದ ಹುಡುಗಿಯೂ ಪುಣೆಗೆ ಹೋಗಿದ್ದಳು, ಅವಳಿಲ್ಲದ್ದೂ ಒಂದು ಕಾರಣ, ಅದನ್ನು ನಾನು ಒಪ್ಪುತ್ತೇನೆ. ಆದರೆ ಅಂದಿನ ಗ್ರೌಂಡಿನಲ್ಲಿ ಬೂಟಿನ ಕಿರ್ ಕಿರ್ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ನಮ್ಮ ಹುಡುಗಿಯರು ಒಬ್ಬೊಬ್ಬರೇ ಆಡಿ, ಒಬ್ಬೊಬ್ಬರೇ ಸೋತು ಬಂದರು. ಅವರ ನಡುವೆ ಕನ್ನಡವೂ ನಿಂತಿತ್ತು. ತಮ್ಮನನ್ನು ಕೇಳಿದೆ, ಈಗೇನಂತಿ ಎಂದು. "ಡೇಟಾ ಕಡಿಮಿ ಬಿತ್ತು ಅಕ್ಕಾ" ಎಂದ. ಅವನ ದನಿಯಲ್ಲಿ ನೋವಿರಲಿಲ್ಲ. ಮುಂದಿನ ಸಲ ಇನ್ನಷ್ಟು ಎಣಿಸುವ ಉತ್ಸಾಹವಿತ್ತು.

ಎತ್ತರದ ಹುಡುಗಿ ದೀಪಾವಳಿ ರಜೆಗೆ ಬಂದವಳು ತಿರುಗಿ ಹೋಗಲಿಲ್ಲ. ಅವಳ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಮನೆಗೆ ಬಂದು ಅತ್ತಳು. "ತಾಈ, ತಿಥೆ ಮಾಗೂನ್ ಕೋಣೀಚ್ ಬೋಲತ್ ನಾಹೀ" ಎಂದಳು. ಅಲ್ಲಿ ಹಿಂದಿನಿಂದ ಯಾರೂ ಮಾತಾಡುವುದಿಲ್ಲವಂತೆ. ಇಷ್ಟು ದಿನ ತನ್ನ ಬೆನ್ನು ಕಾಯುತ್ತಿದ್ದದ್ದು ಯಾರೆಂದು ಅವಳಿಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಕ್ಲಬ್ಬಿನವರು, ಹುಡುಗಿಗೆ ಊರ ನೆನಪು ಬಹಳ ಕಾಡಿತು ಎಂದು ಹೇಳಿ ಸುಮ್ಮನಾದರು.

ಆ ದೀಪಾವಳಿಯಲ್ಲಿ ತವರಿಗೆ ಹೋಗಿ ತಮ್ಮನಿಗೆ ಆರತಿ ಮಾಡಿದೆ. ಕುಂಕುಮ ಹಚ್ಚುವಾಗ ಅವನು, "ಇನ್ನೂ ಸಿಟ್ಟ ಐತೇನ ಅಕ್ಕಾ?" ಎಂದ. ಅವ್ವ ಎದುರಿಗೆ ನಿಂತಿದ್ದಳು. ಇಲ್ಲ ಎಂದೆ. ಸುಳ್ಳು. ಆ ವರ್ಷವೇ ಕ್ಲಬ್ಬಿಗೆ ಹೋಗುವುದನ್ನು ಬಿಟ್ಟೆ.

ಹೋದ ಚಳಿಗಾಲದಲ್ಲಿ ಅತ್ತೆಯವರನ್ನು ಕರೆದುಕೊಂಡು ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋಗಿದ್ದೆ. ಬೆಳಗಿನ ದರ್ಶನ ಮುಗಿಸಿ ಬರುವಾಗ ಒಂದು ಬಯಲಿನಲ್ಲಿ ಹುಡುಗಿಯರು ಓಡುತ್ತಿದ್ದರು. ಪೊಲೀಸ್ ಕೆಲಸದ ಭರ್ತಿಗೆ ತಯಾರಿ ಮಾಡುವವರು. ಅತ್ತೆಯವರು ಕಾಲು ನೋವೆಂದು ಕಟ್ಟೆಯ ಮೇಲೆ ಕೂತರು. ಓಟ ಮುಗಿಸಿ ಸೊಂಟಕ್ಕೆ ಕೈಕೊಟ್ಟು ಉಸಿರು ಬಿಡುತ್ತಿದ್ದವರಲ್ಲಿ ಮೈಂದರ್ಗಿಯವಳೂ ಇದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು. ನನ್ನನ್ನು ನೋಡಿ ಬಂದು ಕಾಲು ಮುಟ್ಟಿದಳು.

"ಬಾಲ್ ಮುಟ್ಟತೀಯೇನ ಈಗ?" ಎಂದೆ.

"ಇಲ್ರಿ ಅಕ್ಕಾರ. ಇದs ಚಲೋ ಐತ್ರಿ. ಗಡಿಯಾರ ಹಚ್ಚತಾರ, ಓಡತೀನಿ. ನಾ ಎಷ್ಟು ಓಡಿದೆ ಅಷ್ಟs ಬರೀತಾರ. ಬ್ಯಾರೆ ಯಾರದೂ ಅದರಾಗ ಕೂಡಂಗಿಲ್ಲ."

ಒಂದೇ ಉಸಿರಿಗೆ ಹೇಳಿದಳು, ಬಹಳ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದವಳಂತೆ. ಅವ್ವ ಅಪ್ಪ ಹೇಗಿದ್ದಾರೆಂದು ಕೇಳಿದೆ. ಚೆನ್ನಾಗಿದ್ದಾರೆಂದಳು. ಆಮೇಲೆ ಅವಳೇ, "ನಿಮ್ಮ ತಮ್ಮಾರು ಹೆಂಗದಾರ್ರಿ?" ಎಂದು ಕೇಳಿದಳು. ಮರ್ಯಾದೆಗೆ ಕೇಳಿದ್ದು. ಅದರಲ್ಲಿ ಕುಹಕ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು.

"ಚಲೋ ಅದಾನ" ಎಂದೆ. ಅವನು ನಿಜಕ್ಕೂ ಚೆನ್ನಾಗಿದ್ದಾನೆ. ಊರಿನ ಕ್ರಿಕೆಟ್ ಪಂದ್ಯಗಳಿಗೆ ಈಗ ಅವನದೇ ಲೆಕ್ಕ.

ಸೀಟಿ ಊದಿದರು, ಅವಳು ಓಡಿದಳು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅತ್ತೆಯವರು ಕೇಳಿದರು.

"ಯಾರ ಅಕಿ?"

"ನಮ್ಮ ಕ್ಲಬ್ಬಿನ್ಯಾಗ ಆಡತಿದ್ಲರಿ."

"ಚಲೋ ಆಡತಿದ್ಲೇನ?"

"ಅಕಿನಂಗ ಆಡಿದವರನ್ನ ನಾ ಆಮ್ಯಾಲ ನೋಡಿಲ್ಲರಿ."

"ಮತ್ತ ಯಾಕ ಬಿಟ್ಲು?"

ನಾನು ಮೊದಲಿನಿಂದ ಹೇಳತೊಡಗಿದೆ. ಸೊಲ್ಲಾಪುರದ ಬಸ್ಸು ಬಂದು ನಿಂತಿತ್ತು. ಅತ್ತೆಯವರು ಸೆರಗು ಸಿಕ್ಕಿಸಿಕೊಂಡು, ಕಿಟಕಿಯ ಸೀಟಿಗೆ ಕರವಸ್ತ್ರ ಹಾಕೆಂದು ನನ್ನನ್ನು ಮುಂದೆ ಓಡಿಸಿದರು.