ಜೇಲಿನಲ್ಲಿ ಹೂಡಿದ ಸಂಸಾರ

ಇವತ್ತು ಪೇಟೆಗೆ ಹೋದಾಗ ಪಾಳುಬಿದ್ದ ಹಳೆಯ ಜೇಲಿನ ಬಾಗಿಲು ತೆರೆದಿತ್ತು. ಒಳಗೆ ಮೂಲೆಯಲ್ಲಿ, ನಂಬರು ಕೆತ್ತಿದ ಅಲ್ಯೂಮಿನಿಯಂ ತಾಟೊಂದು ಬಿದ್ದಿತ್ತು. ಅಂಥ ತಾಟಿನಲ್ಲಿ ನಾನು ಉಂಡಿದ್ದೇನೆ.

ನಾನು ಚಿಕ್ಕವಳಿದ್ದಾಗ ಕೃಷ್ಣೆಯ ನೀರು ಜುಗೂಳದ ನಮ್ಮ ಮನೆಯೊಳಗೆ ನುಗ್ಗಿತು. ಆಗಲೇ ಖಾಲಿಯಾಗಿದ್ದ ಈ ಜೇಲಿನಲ್ಲಿ ನಮಗೊಂದು ಕೋಣೆ ಕೊಟ್ಟರು. ಅಜ್ಜಿ ಮಾತ್ರ ಒಳಗೆ ಬರಲು ಒಪ್ಪದೆ ಮಳೆಯಲ್ಲೇ ಕುಳಿತಳು.

"ನಮ್ಮ ಮನೆತನದಾಗ ಯಾರೂ ಜೇಲಿನ ಮೆಟ್ಟಲಾ ಹತ್ತಿಲ್ಲ. ನಾ ಏನ್ ಕಳವು ಮಾಡೀನಿ?" ಎಂದು ಅತ್ತಳು.

ಅಪ್ಪ ಎಷ್ಟು ಬೇಡಿಕೊಂಡರೂ ಏಳಲಿಲ್ಲ. ಕೊನೆಗೆ ಅವ್ವ ಆ ಕೋಣೆಯ ಕೀಲಿಕೈ ತಂದು ಅವಳ ಉಡಿಯಲ್ಲಿ ಹಾಕಿದಳು.

"ಅತ್ತಿ, ಇದು ನಿಮ್ಮ ಹಂತೇಕ ಇರ್ಲಿ. ಕೀಲಿಕೈ ನಮ್ಮ ಕೈಯಾಗ ಇದ್ದಮ್ಯಾಲ ಅದು ಜೇಲ್ ಹೆಂಗಾಗತೈತ್ರಿ?"

ಅಜ್ಜಿ ಕಣ್ಣೊರೆಸಿಕೊಂಡು, ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿ ಒಳಗೆ ಬಂದಳು.

ಮರುದಿನದಿಂದ ಆಡಳಿತವೆಲ್ಲ ಅವಳದೇ. ಕೈದಿಗಳು ಮಲಗುತ್ತಿದ್ದ ಕಲ್ಲುಕಟ್ಟೆಯ ಮೇಲೆ ಕೌದಿ ಹಾಸಿದಳು. ಕಿಟಕಿಯ ಸರಳುಗಳಿಗೆ ನಮ್ಮ ಲಂಗಗಳನ್ನು ಒಣಹಾಕಿದಳು. ಅಲ್ಲೇ ಉಳಿದಿದ್ದ ತಾಟುಗಳನ್ನು ಬೂದಿಯಿಂದ ಬೆಳಗಿ, ಬಿಸಿ ರೊಟ್ಟಿ, ಝುಣಕ ಬಡಿಸಿದಳು. ಗೋಡೆಯ ಮೇಲೆ ಯಾರೋ ಮೊಳೆಯಿಂದ ಜೋಡೆತ್ತು ಕೆತ್ತಿದ್ದರು. "ಪಾಪ, ಯಾವ ರೈತನೋ, ತನ್ನ ಎತ್ತು ನೆನಸಿ ಅತ್ತಿರಬೇಕು" ಎಂದು ಅಜ್ಜಿ ಅವಕ್ಕೆ ದಿನಾ ಕುಂಕುಮ ಹಚ್ಚುತ್ತಿದ್ದಳು.

ನೀರು ಇಳಿದು ಊರಿಗೆ ಹೊರಡುವಾಗ, ಕೋಣೆ ಗುಡಿಸಿ ರಂಗೋಲಿ ಹಾಕಿಯೇ ಬಂದಳು.

ಇವತ್ತು ಆ ತಾಟಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದು ನೋಡಿ ಅಲ್ಲಿನ ಕಾವಲುಗಾರ ಮೆಲ್ಲಗೆ ಕೇಳಿದ: "ಅಕ್ಕಾರ, ನಿಮ್ಮವರು ಯಾರರ ಇಲ್ಲಿ ಒಳಗಿದ್ರೇನ್ರಿ?"

"ಹೌದ್ರಿ, ಮನಿಮಂದಿ ಎಲ್ಲಾರೂ ಇದ್ದಿವಿ" ಎಂದು ನಕ್ಕೆ.