ಆಷಾಢದ ಚಿಕ್ಕ ಬಟ್ಟೆ

ಮೂವತ್ತು ವರ್ಷದಿಂದ ಗಾಳಿಗೆ ಬಟ್ಟೆ ಕಟ್ಟಿ ಅನ್ನ ತಿನ್ನುತ್ತಿದ್ದೇನೆ. ಆದರೂ ಎಷ್ಟು ಗಾಳಿಗೆ ಎಷ್ಟು ಬಟ್ಟೆ ಅನ್ನುವುದು ನನಗೆ ಇವತ್ತಿಗೂ ನೆಟ್ಟಗೆ ತಿಳಿದಿಲ್ಲ. ಕೊಳ್ಳೇಗಾಲದಲ್ಲಿ ನನ್ನದೊಂದು ಶಾಮಿಯಾನದ ಅಂಗಡಿಯಿದೆ, ಹಾಗಾಗಿ ಈ ಮಾತನ್ನು ಗಿರಾಕಿಗಳ ಮುಂದೆ ಆಡುವಂತಿಲ್ಲ. ಮಗಳ ಮುಂದೆ ಆಡಬಹುದಿತ್ತು. ಆಡಲಿಲ್ಲ.

ಮಗಳು ತಮಿಳುನಾಡಿನಲ್ಲಿ, ರಾಮೇಶ್ವರದ ಕಡೆಯ ಕಡಲತೀರದಲ್ಲಿ, ನೀರಿನ ಆಟ ಕಲಿಸುವ ಒಂದು ಶಾಲೆಯಲ್ಲಿ ಸಹಾಯಕಿಯಾಗಿದ್ದಾಳೆ. ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಸೊಂಟಕ್ಕೆ ದೊಡ್ಡ ಗಾಳಿಪಟದ ಹಗ್ಗ ಬಿಗಿದುಕೊಂಡು, ಪಟ ಎಳೆದಂತೆ ಅಲೆಗಳ ಮೇಲೆ ಜಾರುವ ಆಟ ಅದು. ಯಾರಾದರೂ ಮಗಳು ಏನು ಮಾಡಿಕೊಂಡಿದ್ದಾಳೆ ಎಂದು ಕೇಳಿದರೆ ಗಾಳಿಪಟ ಹಾರಿಸುತ್ತಾಳೆ ಅನ್ನುತ್ತೇನೆ. ಅವರು ಮದುವೆ ಯಾವಾಗ ಎಂದು ಕೇಳುತ್ತಾರೆ. ಸತ್ತೇಗಾಲದಲ್ಲಿ ನನ್ನ ಹೆಂಡತಿಯ ತವರಿನಲ್ಲಿದ್ದಾಗ ನಾಲೆಯಲ್ಲಿ ಈಜು ಕಲಿತ ಹುಡುಗಿ ಇಂಥದ್ದಕ್ಕೆ ಹೋಗುತ್ತಾಳೆಂದು ಯಾರು ಕಂಡಿದ್ದರು?

ಹೋದ ಆಷಾಢದಲ್ಲಿ ಅವಳು ನಾಲ್ಕು ದಿನಕ್ಕೆಂದು ಊರಿಗೆ ಬಂದಳು. ಜೊತೆಗೆ ಎರಡು ಪಟ ತಂದಿದ್ದಳು. ಒಂದು ಹನ್ನೆರಡು ಚದರ ಮೀಟರಿನದು, ಇನ್ನೊಂದು ಏಳರದು. ಏಳರದರ ಹಿಂಬದಿಯ ಅಂಚು ಮೊಳದುದ್ದ ಬಿಚ್ಚಿಹೋಗಿತ್ತು. ಅದನ್ನು ಹೊಲಿದುಕೊಡು ಅಂದಳು. ಮುಂದಿನ ವಾರ ಅವಳಿಗೆ ಪರೀಕ್ಷೆಯಿತ್ತು. ಪಾಸಾದರೆ ಸಹಾಯಕಿಯ ಕೆಲಸ ಹೋಗಿ ಕಲಿಸುವ ಕೆಲಸ ಸಿಗುತ್ತದೆ. ಅವರವರ ಪಟ ಅವರವರೇ ತರಬೇಕು. ಆ ಹೊತ್ತಿಗೆ ಅಲ್ಲಿ ಗಾಳಿ ಬಲು ಜೋರಂತೆ, ಅದಕ್ಕೇ ಏಳರದು ಬೇಕೇ ಬೇಕು, ಹನ್ನೆರಡರದು ಸದ್ಯ ಇಲ್ಲೇ ಇರಲಿ ಅಂದಳು.

ಗಾಳಿ ಜೋರಿದ್ದರೆ ಚಿಕ್ಕದು ಯಾಕೆ ಎಂದು ಕೇಳಿದೆ. ಫೋನಿನಲ್ಲಿ ಒಂದು ಪಟ್ಟಿ ತೋರಿಸಿದಳು. ಅಡ್ಡಕ್ಕೆ ಗಾಳಿಯ ವೇಗ, ಉದ್ದಕ್ಕೆ ಮನುಷ್ಯನ ತೂಕ, ನಡುವೆ ಪಟದ ಅಳತೆ. ಗಾಳಿ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ, ಅವಳ ತೂಕ ಐವತ್ತು, ಇಷ್ಟೇ ಬಟ್ಟೆ ಸಾಕು, ಹೆಚ್ಚಾದರೆ ಅದೇ ಅವಳನ್ನು ಎತ್ತಿಕೊಂಡು ಹೋಗುತ್ತದೆ ಎಂದು ಏನೇನೋ ಹೇಳಿದಳು. ನನಗೆ ತಲೆಬುಡ ತಿಳಿಯಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಹಾಗೆ ತಲೆಯಾಡಿಸಿದೆ. ಒಳಗೊಳಗೇ ಇನ್ನೊಂದು ಯೋಚನೆ ಓಡುತ್ತಿತ್ತು. ನಮ್ಮ ಕಸುಬಿನಲ್ಲಿ ದೊಡ್ಡ ಬಟ್ಟೆಯಿದ್ದರೆ ಮಡಿಸಿ ಚಿಕ್ಕ ಜಾಗಕ್ಕೂ ಕಟ್ಟಬಹುದು. ಚಿಕ್ಕದನ್ನು ಎಳೆದು ದೊಡ್ಡದು ಮಾಡಲಾಗುವುದಿಲ್ಲ. ಪಟಕ್ಕೂ ಹಾಗೆಯೇ ಇರಬೇಕಲ್ಲ?

ಇಷ್ಟೇ ಆಗಿದ್ದರೆ ಬರೀ ದಡ್ಡತನ ಅನ್ನಬಹುದಿತ್ತು. ಇನ್ನೊಂದಿತ್ತು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ.

ನಮ್ಮ ಕಡೆ ಗಾಳಿ ಬೀಸುವುದು ಆಷಾಢದಲ್ಲಿ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ದೊಡ್ಡ ಶಾಮಿಯಾನಗಳೆಲ್ಲ ಗೋದಾಮಿನಲ್ಲಿ ಮಡಿಸಿಕೊಂಡು ಮಲಗಿರುತ್ತವೆ. ಆ ತಿಂಗಳು ಹೊರಗೆ ಹೋಗುವುದು ಒಂದೇ, ಹದಿನೈದು ಅಡಿ ಚದರದ ಚಿಕ್ಕದು. ಅದು ಹೋಗುವುದು ಸಾವಿನ ಮನೆಗೆ. ಫೋನು ಬರುತ್ತದೆ, ಆ ಕಡೆಯವರು ಅಳತೆ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಹನೂರಿನ ಗಲ್ಲಿಗಳಲ್ಲಿ, ಸತ್ತೇಗಾಲದ ತೆಂಗಿನ ತೋಟಗಳ ಅಂಚಿನಲ್ಲಿ, ಬೀಸುವ ಗಾಳಿಗೆ ಆ ಚಿಕ್ಕ ಬಟ್ಟೆಯನ್ನು ಎಷ್ಟು ಸಲ ಬಿಗಿದಿದ್ದೇನೋ ಲೆಕ್ಕವಿಲ್ಲ. ಅದರ ಹಿಂದಿನ ಆಷಾಢದಲ್ಲಿ ಯಳಂದೂರಿನಲ್ಲಿ ನನ್ನ ತಾಯಿಗೂ ಅದನ್ನೇ ಕಟ್ಟಿದೆ. ಬೇರೆಯವರು ಬೇಡ ಅಂದರೂ ನಾಲ್ಕು ಮೂಲೆಯ ಹಗ್ಗವನ್ನೂ ನಾನೇ ಬಿಗಿದೆ. ಅವತ್ತಿನ ಗಾಳಿ ಇನ್ನೂ ಕಿವಿಯಲ್ಲಿದೆ.

ಅದಕ್ಕೇ ಮಗಳು ಜೋರು ಗಾಳಿಗೆ ಚಿಕ್ಕದು ಅಂದಾಗ ನನಗದು ಅಪಶಕುನದಂತೆ ಕೇಳಿಸಿತು. ಹೆಂಡತಿ ರಾಹುಕಾಲ ನೋಡಿದರೆ ಮೂರು ಹೊತ್ತೂ ಹಂಗಿಸುವವನು ನಾನು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂದರೆ ಇದೇ. ಆ ಏಳರ ಪಟವನ್ನು ಗೋದಾಮಿನ ಜಮಖಾನದ ಮೇಲೆ ಹರಡಿ ಹೊಲಿಯುವಾಗ ಪಕ್ಕದಲ್ಲೇ ಆ ಚಿಕ್ಕ ಶಾಮಿಯಾನದ ಗಂಟೂ ಇತ್ತು. ಅದನ್ನು ಎತ್ತಿ ಆಚೆ ಮೂಲೆಗೆ ಇಟ್ಟು ಬಂದೆ. ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹೊಲಿಗೆಯನ್ನೇನೋ ಚೆನ್ನಾಗಿಯೇ ಹಾಕಿದೆ. ಛತ್ರಿ ಬಟ್ಟೆಯಂತೆ ತೆಳ್ಳಗಿದ್ದರೂ ಒಳಗೊಂದು ಪಟ್ಟಿ ಕೊಟ್ಟು ಎರಡು ಸಾಲು ಓಡಿಸಿದೆ. ಕೈ ತನ್ನ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ಬೇರೆ ಏನನ್ನೋ ಹೊಲಿಯುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಅವಳು ತಾಯಿಯ ಜೊತೆ ಒಳಗೆ ತಿಂಡಿ ತಿನ್ನುತ್ತಿದ್ದಳು. ಗೋದಾಮಿನಲ್ಲಿದ್ದ ಎರಡು ಪಟದ ಚೀಲವೂ ಒಂದೇ ಕಪ್ಪು, ಮೂಲೆಯಲ್ಲಿ ಅಳತೆ ಬರೆದಿತ್ತಷ್ಟೆ. ನಾನು ಹನ್ನೆರಡರ ಚೀಲ ಎತ್ತಿ, ಅಂಕಿಯಿರುವ ಕಡೆಯನ್ನು ಒಳಮಗ್ಗುಲಿಗೆ ತಿರುಗಿಸಿ ಗಾಡಿಗೆ ಹಾಕಿದೆ. ದೊಡ್ಡದು ಕೈಲಿದ್ದರೆ ಅದನ್ನೇ ಹೇಗೋ ಸುಧಾರಿಸಿಕೊಳ್ಳುತ್ತಾಳೆ ಅಂದುಕೊಂಡೆನೋ, ಸಾವಿನ ಅಳತೆ ಅವಳ ಜೊತೆ ಹೋಗದಿದ್ದರೆ ಸಾಕು ಅಂದುಕೊಂಡೆನೋ. ಬಸ್ ಸ್ಟ್ಯಾಂಡಿನಲ್ಲಿ ಅವಳು ಚೀಲವನ್ನು ಹೆಗಲಿಗೇರಿಸಿ, ಒಂದು ಗಳಿಗೆ ನನ್ನ ಮುಖ ನೋಡಿ, ಮಾದೇಶ್ವರ ಬೆಟ್ಟದ ಮೇಲೆ ಹೋಗುವ ಮೆಟ್ಟೂರು ಬಸ್ಸು ಹತ್ತಿದಳು.

ಗೋದಾಮಿಗೆ ಬಂದೆ. ಏಳರ ಪಟ ಅಲ್ಲೇ ಬಿದ್ದಿತ್ತು. ಹೊಲಿದದ್ದು ಹೇಗಿದೆ ನೋಡೋಣ ಎಂದು ಹಿಂದಿನ ಬಯಲಿಗೆ ಒಯ್ದು, ಎರಡು ತುದಿಯನ್ನೂ ಹಗ್ಗದಲ್ಲಿ ಕಟ್ಟಿ, ಶಾಮಿಯಾನದ ಎರಡು ಕಬ್ಬಿಣದ ಗೂಟ ಹೊಡೆದು ಬಿಗಿದೆ. ಬಟ್ಟೆ ಮೊದಲು ಸುಮ್ಮನೆ ಪಟಪಟ ಅಂದಿತು. ಆಮೇಲೆ ಒಂದು ಗಾಳಿ ಬಂತು. ಅದು ಹೊಟ್ಟೆ ತುಂಬಿಕೊಂಡು ಎದ್ದದ್ದೇ ತಡ, ಒಂದು ಗೂಟವನ್ನು ಬುಡಸಮೇತ ಕಿತ್ತು ನನ್ನ ಮೊಣಕಾಲಿನ ಪಕ್ಕದಲ್ಲಿ ಹಾರಿಸಿತು. ಹೊಲಿಗೆಗೆ ಏನೂ ಆಗಿರಲಿಲ್ಲ. ಮದುವೆ ಮನೆಯ ದೊಡ್ಡ ಶಾಮಿಯಾನವನ್ನು ಮೂರು ದಿನ ಹಿಡಿದು ನಿಲ್ಲಿಸುವ ಗೂಟ ಅದು. ಅದನ್ನು ಕೀಳಲು ಇಬ್ಬರು ಗಂಡಸರು ಹಾರೆ ಹಾಕಬೇಕು. ಚಿಕ್ಕ ಪಟವೇ ಹೀಗೆ ಎಳೆದರೆ ಹನ್ನೆರಡರದು ಐವತ್ತು ಕೆಜಿಯ ಹುಡುಗಿಯನ್ನು ಏನು ಮಾಡೀತು? ಅವಳು ಫೋನಿನಲ್ಲಿ ತೋರಿಸಿದ ಪಟ್ಟಿ ಆಗ ತಲೆಗೆ ಹೋಯಿತು.

ಫೋನು ಮಾಡಿ ಹನೂರಿನಲ್ಲಿ ಇಳಿ, ಬರುತ್ತಿದ್ದೇನೆ ಅಂದೆ. ಅವಳು ಒಡನೆ ಆಯ್ತು ಅಂದಳು. ನಮ್ಮ ಲಗೇಜ್ ಆಟೋದಲ್ಲಿ ಏಳರ ಚೀಲ ಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಒಂದೊಂದು ಸುಳ್ಳು ಕಟ್ಟಿದೆ. ಚೀಲ ಅದಲುಬದಲಾಯಿತು, ಕನ್ನಡಕ ಹಾಕಿಕೊಂಡಿರಲಿಲ್ಲ, ನಿಮ್ಮಮ್ಮ ಎತ್ತಿಕೊಟ್ಟಳು. ಒಂದೂ ನಿಲ್ಲಲಿಲ್ಲ.

ಹನೂರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳು ಕೂತಿದ್ದಳು, ಚೀಲ ಕಾಲಸಂದಿಯಲ್ಲಿತ್ತು.

"ದೊಡ್ಡುದ್ನ ಕೊಟ್ಬುಟ್ಟೆ ಮಗ. ಬೇಕು ಅಂತ್ಲೆ ಕೊಟ್ಟೆ," ಅಂದೆ.

"ಗೊತ್ತು. ಎತ್ತಿದ್ ತಕ್ಷಣ ಗೊತ್ತಾಯ್ತು. ತೂಕ ತಿಳಿಯಲ್ವ ನಂಗೆ?"

ಗೊತ್ತಿದ್ದೂ ಯಾಕೆ ತೆಗೆದುಕೊಂಡು ಹೋದೆ ಎಂದು ಕೇಳಿದೆ. ಅವಳು ನೆಲ ನೋಡಿಕೊಂಡೇ ಹೇಳಿದಳು.

"ನೀನ್ ಹೊಲ್ದಿದ್ದು ಸರಿಯಾಗಿ ಬಂದಿಲ್ಲ ಅನ್ಕಂಡೆ. ಬಾಯ್ಬಿಟ್ಟು ಅನ್ನಕ್ಕಾಗ್ದೆ ಇದ್ನ ಕೊಟ್ಟಿದ್ದೀಯ ಅಂತ. ಆ ಗಾಳಿಗೆ ಇದ್ನ ಬುಡಕ್ಕಾಗಲ್ಲ. ಈ ಸಲ ಪರೀಕ್ಷೆಗೆ ನಿಂತ್ಕಳಲ್ಲ ಅಂದ್ಬುಡಾನ ಅಂತಿದ್ದೆ."

ನಾನು ಅವಳ ಜೀವಕ್ಕೆ ಹೆದರಿ ಓಡಿ ಬಂದಿದ್ದೆ. ಅವಳು ನನ್ನ ಮಾನ ಕಾಯಲು ಒಂದು ವರ್ಷದ ಕಲಿಕೆಯನ್ನು ಬಿಟ್ಟುಕೊಟ್ಟು ಕೂತಿದ್ದಳು. ಯಾವುದಕ್ಕೆ ಅಳಬೇಕೋ ಗೊತ್ತಾಗಲಿಲ್ಲ. ಅಲ್ಲೇ, ಕಡಲೆಕಾಯಿ ಮಾರುವವರ ಪಕ್ಕದಲ್ಲೇ, ಸಾವಿನ ಮನೆಯ ಶಾಮಿಯಾನದ ಸಂಗತಿ ಪೂರ್ತಿ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ಚಿಕ್ಕುದ್ ಕಟ್ಟಿದ್ದುಕ್ಕೆ ಯಾರೂ ಸಾಯ್ನಿಲ್ಲ ಕಣಪ್ಪ. ಸತ್ ಮ್ಯಾಲೆ ತಾನೆ ನೀನು ಕಟ್ಟಿದ್ದು," ಅಂದಳು. ಇಷ್ಟು ಸುಲಭದ್ದು ನನಗೆ ಯಾಕೆ ಹೊಳೆಯಲಿಲ್ಲವೋ. ಅದಕ್ಕಿಂತ ಗೋಜಲು ಏನೆಂದರೆ, ಜೋರು ಗಾಳಿಗೆ ಚಿಕ್ಕ ಬಟ್ಟೆ ಅನ್ನುವುದನ್ನು ನಾನು ಪ್ರತಿ ಆಷಾಢವೂ ಮಾಡುತ್ತಲೇ ಬಂದಿದ್ದೆ, ಕಾರಣ ಮಾತ್ರ ತಿಳಿದಿರಲಿಲ್ಲ.

ಹೊಲಿಗೆ ಗಟ್ಟಿಯಾಗಿದೆ, ಗೂಟವನ್ನೇ ಕಿತ್ತಿತು, ದಾರ ಅಲುಗಲಿಲ್ಲ ಎಂದು ಹೇಳಿದೆ. ಅವಳು ಏಳರ ಚೀಲದ ಜಿಪ್ಪು ತೆಗೆದು, ಅಂಚನ್ನು ಮಡಿಲಿಗೆ ಎಳೆದುಕೊಂಡು, ನನ್ನ ಹೊಲಿಗೆಯನ್ನು ಉಗುರಿನಿಂದ ಒತ್ತಿ ಒತ್ತಿ ನೋಡತೊಡಗಿದಳು. ಒಂದೊಂದು ಬೆರಳಿನಗಲ ನೋಡುವಳು, ಮುಂದಕ್ಕೆ ಸರಿಯುವಳು. ಮೊದಲು ಎಂದೂ ನನ್ನ ಕೆಲಸವನ್ನು ಹೀಗೆ ನೋಡಿದವಳಲ್ಲ. ನೋಡಬೇಡ ಅನ್ನುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೆ. ಮುಂದಿನ ಬಸ್ಸು ಬಂದು ನಿಂತಿತು, ಕಂಡಕ್ಟರು ಸೀಟಿ ಊದಿದ. ಅಷ್ಟು ಹೊತ್ತಿಗೆ ಅವಳು ಅರ್ಧ ಹೊಲಿಗೆ ಮಾತ್ರ ನೋಡಿ ಮುಗಿಸಿದ್ದಳು. ತಲೆಯೆತ್ತಿ ಮಿಕ್ಕದ್ದೂ ಹಿಂಗೇ ಇದ್ಯಾ ಎಂದು ಕೇಳಿದಳು. ಇದೆ ಅಂದೆ. ಜಿಪ್ಪು ಎಳೆದು, ಹನ್ನೆರಡರದನ್ನು ನನ್ನ ಕಡೆ ತಳ್ಳಿ, ಏಳರ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು.