ಲಾರಿಯ ಬಾಲದ ಮೇಲಿನ ಭಾರ

ಹಾನಗಲ್ಲಿನ ನಮ್ಮ ಓಣಿಯಲ್ಲಿದ್ದ ಲಾರಿ ಚಾಲಕನಿಗೆ ಮೀಸೆ ಇತ್ತೆಂದು ನನ್ನ ನೆನಪು. ಇರಲಿಲ್ಲವೆನ್ನುತ್ತಾಳೆ ಅಕ್ಕ. ಮೀಸೆಯನ್ನು ಬಿಟ್ಟುಬಿಡುತ್ತೇನೆ. ಹೊರಡುವ ಮುನ್ನ ಅವನು ಮುಂದಿನ ಟಯರಿಗೆ ಅಂಗೈ ಒತ್ತಿ, "ಎಳಿಯೂದು ಬ್ಯಾರೆ, ಹೊರೂದು ಬ್ಯಾರೆ" ಎನ್ನುತ್ತಿದ್ದದ್ದು ಮಾತ್ರ ಖಚಿತ.

ಯುದ್ಧದ ಕಾಲ, ಪೆಟ್ರೋಲಿಗೆ ಬರ. ಒಂದೇ ಲಾರಿಯಿಂದ ಎರಡರ ಕೆಲಸ ಮಾಡಿಸಲು ಅವನ ಧಣಿಯಾದ ಹತ್ತಿ ಸಾಹುಕಾರರು ಟ್ರೇಲರ್ ಕಟ್ಟಿಸಿದ್ದರು. ಅದರ ಹಿಂಭಾಗಕ್ಕಷ್ಟೇ ಗಾಲಿಗಳು. ಮುಂಭಾಗ ಲಾರಿಯ ಬಾಲದ ಮೇಲೆ ಕೂರುತ್ತಿತ್ತು. ಒಮ್ಮೆ ಸವಣೂರಿಗೆ ಹೊರಟಾಗ ಟ್ರೇಲರಿನಲ್ಲಿ ತುಂಬಿದ್ದ ಹತ್ತಿ ಅಂಡಿಗೆಗಳ ಮೇಲೆ ಸಾಹುಕಾರರ ಭಾವನ ಮಗನ ಮದುವೆ ದಿಬ್ಬಣವೂ ಏರಿತು. ಚಾಲಕ ಎಂಜಿನ್ ಚಾಲೂ ಮಾಡುವ ಹ್ಯಾಂಡಲ್ ಮುಟ್ಟಲಿಲ್ಲ.

"ಟ್ರೇಲರಿಗೆ ಅದರ ಗಾಲಿ ಅದಾವಲ್ಲೋ, ನಿನಗೇನ ಭಾರ?" ಎಂದರು ಸಾಹುಕಾರರು. "ಇವತ್ತ ಹೊಡೀದಿದ್ರ ನಾಳಿಂದ ಬರಬ್ಯಾಡ."

"ಆತ್ರಿ. ಒಮ್ಮೆ ನೀವ ಸ್ಟೇರಿಂಗ್ ತಿರುವಿ ನೋಡ್ರಿ."

ಸಾಹುಕಾರರು ಹತ್ತಿ ಕೂತರು. ದಿನವೂ ತೋಳು ಬೀಳಿಸುತ್ತಿದ್ದ ಸ್ಟೇರಿಂಗ್ ಸಲೀಸಾಗಿ ತಿರುಗಿತು.

"ಬೆಣ್ಣಿ ಆಗೇತಲ್ಲೋ," ಎಂದು ನಕ್ಕರು.

"ಅದನ್ನ ಹೇಳಾಕತ್ತೇನ್ರಿ. ಚಕ್ಕಡಿ ಹಿಂದ ಭಾರಾಗಿ ನೊಗ ಎದ್ರ ಎತ್ತಿಗೂ ಹಗರ ಅನಸ್ತೈತಿ. ಆಮ್ಯಾಲ ಗಾಡಿ ಯಾರ ಮಾತ ಕೇಳ್ತೈತ್ರಿ? ಬಾಲದ ಮ್ಯಾಲ ಭಾರ ಬಿದ್ದು ಲಾರಿ ಮೂತಿ ಎದ್ದೈತಿ. ವರದಾ ಹೊಳಿ ಇಳಿಜಾರಿನ್ಯಾಗ ಸ್ಟೇರಿಂಗ್ ತಿರುಗತೈತಿ, ಲಾರಿ ತಿರುಗೂದಿಲ್ಲ."

"ಮದುವಿ ಮಂದಿನ್ನ ಇಳಸ್ತೀಯೇನಲೇ?" ಎಂದ ಭಾವ, ಅಂಡಿಗೆಯ ಮೇಲಿಂದ.

"ಅಂಡಿಗಿನರ ಇಳಸ್ರಿ, ಮಂದಿನ್ನರ ಇಳಸ್ರಿ. ನನಗ ಎರಡೂ ಒಂದ."

ಸಾಹುಕಾರರೂ ಒಂದು ಕಾಲಕ್ಕೆ ಚಕ್ಕಡಿ ಹೊಡೆದವರೇ. ಒಂದೇ ಬೆರಳಿನಿಂದ ಸ್ಟೇರಿಂಗನ್ನು ಮತ್ತೆ ಅಲುಗಿಸಿದರು. ಅದು ಅಲುಗಿತು. ನಗು ನಿಲ್ಲಿಸಿ ಕೆಳಗಿಳಿದು, ಮೇಲಕ್ಕೆ ಕೈ ಚಾಚಿದರು.

"ಭಾವ, ಮೊದಲ ಮದುಮಗನ್ನ ಇಳಸ್ರಿ."